ಕತ್ತಲು ಸಮುದ್ರದ್ದಲ್ಲ, ನಮ್ಮ ಬೂತಿನದು

ಹುಬ್ಬಳ್ಳಿಯ ಚಿತ್ರಮಂದಿರವೊಂದರಲ್ಲಿ ನಾನು ಪ್ರೊಜೆಕ್ಟರ್ ಆಪರೇಟರ್. ರೀಲಿನ ಕಾಲದಲ್ಲಿ ಸಹಾಯಕನಾಗಿ ಸೇರಿ, ಡಿಜಿಟಲ್ ಬಂದ ಮೇಲೆ ಬೂತಿನ, ಅಂದರೆ ಪ್ರೊಜೆಕ್ಟರ್ ಕೋಣೆಯ, ಹಿರಿಯನಾದವನು. ಹಾಲಿವುಡ್‌ನ 'ಆಕ್ವಾಮ್ಯಾನ್' ಚಿತ್ರವು 2018ರ ಡಿಸೆಂಬರ್ 14ರಂದು, ಅಂದರೆ ಅಮೆರಿಕಕ್ಕಿಂತ ಒಂದು ವಾರ ಮೊದಲೇ, ಭಾರತದಲ್ಲಿ ಬಿಡುಗಡೆಯಾದಾಗ ನಮ್ಮಲ್ಲಿ ಮಧ್ಯಾಹ್ನದ ಆಟವನ್ನು ತ್ರೀಡಿಯಲ್ಲಿಯೂ ಸಂಜೆ ಮತ್ತು ರಾತ್ರಿಯ ಆಟಗಳನ್ನು ಟೂಡಿಯಲ್ಲಿಯೂ ತೋರಿಸುತ್ತಿದ್ದೆವು. ಮೊದಲ ಎರಡು ದಿನ ಸಂಜೆಯ ಆಟ ಬಿಟ್ಟಾಗಲೆಲ್ಲ ಒಬ್ಬಿಬ್ಬರು ಬಂದು ಪರದೆ ಮಬ್ಬಾಗಿತ್ತು ಎಂದು ದೂರಿದರು. ನನ್ನ ಬಳಿ ಉತ್ತರ ಸಿದ್ಧವಿತ್ತು: "ಸಮುದ್ರದಾಗಿನ ಪಿಚ್ಚರ್ ಐತ್ರಿ, ಒಳಗ ಕತ್ತಲ ಇರೂದ ಮತ್ತ."

ಈ ಉತ್ತರ ಕೇಳುವುದಕ್ಕೆ ಸರಿಯಾಗಿಯೇ ಇತ್ತು. ನೀರು ಮೊದಲು ಕೆಂಪು ಬಣ್ಣವನ್ನು ನುಂಗುತ್ತದೆ, 200 ಮೀಟರ್ ಆಳದ ಕೆಳಗೆ ಬಿಸಿಲು ನಾಮಮಾತ್ರಕ್ಕೆ ಉಳಿಯುತ್ತದೆ, 1000 ಮೀಟರ್ ದಾಟಿದರೆ ಅದೂ ಇಲ್ಲ. ಆದರೆ ನಾನು ಯೋಚಿಸದೆ ಬಿಟ್ಟ ಸಂಗತಿಯೆಂದರೆ, ಆ ಚಿತ್ರದ ಸಮುದ್ರದಲ್ಲಿ ಹೆಚ್ಚಿನ ಕಡೆ ನೀರೇ ಇರಲಿಲ್ಲ. ನಿರ್ದೇಶಕ ಜೇಮ್ಸ್ ವಾನ್ ಮತ್ತು ಛಾಯಾಗ್ರಾಹಕ ಡಾನ್ ಬರ್ಗೆಸ್ ಅವರ ತಂಡವು ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನ ಸ್ಟುಡಿಯೋದಲ್ಲಿ ನಟರನ್ನು ಯಂತ್ರಗಳಿಗೆ ಕಟ್ಟಿ ತೂಗಾಡಿಸಿ, ನೀರಿನಲ್ಲಿ ತೇಲುವ ಅವರ ಕೂದಲನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೃಷ್ಟಿಸಿತ್ತು. ಅಲ್ಲಿನ ಒಂದೊಂದು ನೆರಳೂ ಯಾರೋ ಕುಳಿತು ಅಳೆದು ಇಟ್ಟದ್ದು. ದೀಪಸ್ತಂಭ ಕಾಯುವವನಿಗೂ ಸಮುದ್ರದಡಿಯ ಅಟ್ಲಾಂಟಿಸ್‌ನ ರಾಣಿಗೂ ಹುಟ್ಟಿದ ಮಗ, ಕಥಾನಾಯಕ ಆರ್ಥರ್, ತನ್ನ ತಾಯಿಯ ನಾಡನ್ನು ಮೊದಲ ಸಲ ಕಾಣುವ ಆ ನಗರವು ಜಾತ್ರೆಯ ಬೀದಿಯಂತೆ ಝಗಮಗಿಸುವುದನ್ನು ನೋಡಿದ ಯಾರೂ ಇದನ್ನು ಕತ್ತಲೆಯ ಚಿತ್ರ ಎನ್ನಲಾರರು. ನಾನು ಅದನ್ನು ಸಭಾಂಗಣದಲ್ಲಿ ಕುಳಿತು ನೋಡಿಯೇ ಇರಲಿಲ್ಲ.

ಮೂರನೆಯ ದಿನ ಸಂಜೆಯ ಆಟದ ಮಧ್ಯಂತರದಲ್ಲಿ ದುರ್ಗದ ಬೈಲಿನ ಹತ್ತಿರ ಸೀರೆ ಅಂಗಡಿ ಇಟ್ಟಿರುವ ಹಿರಿಯರೊಬ್ಬರು ಮೊಮ್ಮಗನ ಕೈಹಿಡಿದು ಬಂದರು. ನನ್ನ ಸಮುದ್ರದ ಮಾತನ್ನು ಪೂರ್ತಿ ಕೇಳಿಸಿಕೊಂಡು, "ಖರೆ ಐತಿ. ಆದ್ರ ಶುರೂಕ್ಕ ತಂಬಾಕಿನ ಜಾಹೀರಾತು ತೋರಿಸಿದ್ರೆಲ್ಲಾ, ಅದೂ ಹಿಂಗ ಮಬ್ಬ ಇತ್ತು. ಅದನ್ನೂ ಸಮುದ್ರದಾಗ ತಗದಾರೇನ್ರಿ?" ಎಂದರು. ಸಿಟ್ಟಿನ ಮಾತಲ್ಲ, ನಗುತ್ತಲೇ ಕೇಳಿದ್ದು. ಗಿರಾಕಿ ಸೀರೆಯ ಬಣ್ಣದ ಬಗ್ಗೆ ಅನುಮಾನಪಟ್ಟರೆ ಅದನ್ನು ಬಾಗಿಲಾಚೆಯ ಬಿಸಿಲಿಗೆ ಹಿಡಿದು ತೋರಿಸುವ ಕಸುಬಿನವರಿಗೆ ಬೆಳಕಿನ ವಿಷಯದಲ್ಲಿ ನಾನು ಪಾಠ ಹೇಳಲು ಹೋಗಿದ್ದೆ.

ಮೆಟ್ಟಿಲು ಹತ್ತಿ ಬೂತಿಗೆ ಹೋಗಿ ನೋಡಿದೆ. ತ್ರೀಡಿ ಆಟಕ್ಕೆಂದು ಲೆನ್ಸಿನ ಮುಂದೆ ತಂದು ನಿಲ್ಲಿಸುವ ಪೋಲರೈಸರ್ ಗಾಜು ಅಲ್ಲಿಯೇ ನಿಂತಿತ್ತು. ಎಡಗಣ್ಣಿನ ಮತ್ತು ಬಲಗಣ್ಣಿನ ಚಿತ್ರಗಳನ್ನು ಬೇರ್ಪಡಿಸುವ ಈ ಗಾಜು ಪ್ರೊಜೆಕ್ಟರಿನ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ತಾನೇ ತಡೆಯುತ್ತದೆ. ಆ ನಷ್ಟವನ್ನು ತುಂಬಲೆಂದೇ ತ್ರೀಡಿ ಆಟದಲ್ಲಿ ಝೆನಾನ್ ದೀಪಕ್ಕೆ ಹೆಚ್ಚು ಕರೆಂಟು ಕೊಡುತ್ತೇವೆ, ಟೂಡಿಗೆ ಬಂದಾಗ ಇಳಿಸುತ್ತೇವೆ. ಹೀಗಾಗಿ ಸಂಜೆಯ ಪ್ರೇಕ್ಷಕರಿಗೆ ಇಳಿಸಿದ ದೀಪ ಒಂದು ಕಡೆ, ಅಡ್ಡ ನಿಂತ ಗಾಜು ಇನ್ನೊಂದು ಕಡೆ, ಎರಡರ ಪೆಟ್ಟೂ ಬಿದ್ದಿತ್ತು. ಗಾಜನ್ನು ತಾನಾಗಿ ಸರಿಸಬೇಕಾದ ಮೋಟಾರು ಕೆಟ್ಟು ತಿಂಗಳಾಗಿತ್ತು, ಕೈಯಿಂದ ಸರಿಸುವ ಕೆಲಸವನ್ನು ನಾನು ಬೂತಿನ ಸಹಾಯಕ ಹುಡುಗನಿಗೆ ಬಾಯಿಮಾತಿನಲ್ಲಿ ಹೇಳಿದ್ದೆ, ಅವನು ಮರೆತಿದ್ದ. ದೀಪ ಆರಿದರೆ, ಫ್ಯಾನು ನಿಂತರೆ, ಬಾಗಿಲು ತೆರೆದರೆ ಯಂತ್ರ ಕೂಗಿಕೊಳ್ಳುತ್ತದೆ. ಆದರೆ ತನ್ನ ಮೂಗಿನ ಮುಂದೆ ಗಾಜೊಂದು ನಿಂತಿದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ.

ಗಾಜನ್ನು ಸರಿಸಿ, ಮಧ್ಯಂತರ ಮುಗಿಯುತ್ತಲೇ ಸಭಾಂಗಣದ ಹಿಂದಿನ ಸಾಲಿನಲ್ಲಿ ನಿಂತೆ. ಪರದೆ ಬೆಳಗಿದ್ದೇ ತಡ, ಮುಂದಿನ ಸಾಲಿನಿಂದ ಒಂದು ಸೀಟಿ ಬಿತ್ತು. ಸ್ವಲ್ಪ ಹೊತ್ತಿಗೆ ಆರ್ಥರ್ ಮತ್ತು ಅವನ ಜೊತೆಗಾತಿ ಮೇರಾ ಕೆಂಪು ಬೆಳಕಿನ ಒಂದು ಪಂಜನ್ನು ಹಿಡಿದು ಆಳದ ಕಂದಕಕ್ಕೆ ಧುಮುಕುವ ದೃಶ್ಯ ಬಂತು. ಬೆಳಕಿಗೆ ಹೆದರುವ ಸಾವಿರಾರು ಜಂತುಗಳು ಅವರ ಸುತ್ತ ದಾರಿ ಬಿಡುತ್ತಾ ಮುತ್ತಿಕೊಂಡಿರುತ್ತವೆ, ಕ್ಯಾಮೆರಾ ದೂರ ಸರಿದಾಗ ಆ ಮುತ್ತಿಗೆ ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ. ಹಿಂದಿನ ಎರಡು ಸಂಜೆ ಬೂತಿನ ಕಿಂಡಿಯಿಂದ ನನಗೆ ಅಲ್ಲಿ ಕಂಡದ್ದು ಕಪ್ಪಿನ ನಡುವೆ ಒಂದು ಕೆಂಪು ಚುಕ್ಕೆ ಮಾತ್ರ. ಆ ದೃಶ್ಯದ ಭಯವೆಲ್ಲ ಇದ್ದದ್ದು ಕಪ್ಪಿನೊಳಗೆ ಅಲುಗಾಡುವ ಕಪ್ಪಿನಲ್ಲಿ, ಅದನ್ನೇ ನಾವು ಒರೆಸಿಹಾಕಿದ್ದೆವು.

ಪ್ರೊಜೆಕ್ಟರಿನಲ್ಲಿ ದೀಪದ ಬದಲು ಕಾರ್ಬನ್ ಕಡ್ಡಿ ಉರಿಸುತ್ತಿದ್ದ ಕಾಲದಲ್ಲಿ ಈ ತಪ್ಪು ಎರಡು ದಿನ ಉಳಿಯುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಕಡ್ಡಿ ಸವೆದಂತೆ ಜ್ವಾಲೆಯನ್ನು ಸರಿಪಡಿಸುತ್ತಿರಬೇಕಿತ್ತು, ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಪರದೆಯ ಬಲಮೂಲೆಯಲ್ಲಿ ಮೂಡುವ ಚುಕ್ಕೆಗೆ ಕಾದು ರೀಲು ಬದಲಿಸಬೇಕಿತ್ತು. ಹಾಗಾಗಿ ಬೇಕೋ ಬೇಡವೋ ಆಪರೇಟರನ ಕಣ್ಣು ಪರದೆಯ ಮೇಲೆಯೇ ಇರುತ್ತಿತ್ತು. ಈಗ ಪ್ಲೇಲಿಸ್ಟ್ ಹಾಕಿದರೆ ಜಾಹೀರಾತಿನಿಂದ ಕೊನೆಯವರೆಗೆ ತಾನೇ ಓಡುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಕುಳಿತು ಕಿಂಡಿಯಲ್ಲಿ ಇಣುಕುವವನ ಕಣ್ಣಿಗೆ ಯಾವ ಪರದೆಯೂ ಮಬ್ಬಾಗಿಯೇ ಕಾಣುವುದರಿಂದ, ನಿಜವಾದ ಮಬ್ಬು ಬಂದಾಗ ಗುರುತು ಸಿಗುವುದಿಲ್ಲ.

ಟೂಡಿ ಚಿತ್ರಕ್ಕೆ ಪರದೆಯ ನಡುವೆ 14 ಫೂಟ್-ಲ್ಯಾಂಬರ್ಟ್ (ಪರದೆಯ ಬೆಳಕನ್ನು ಅಳೆಯುವ ಮಾನ) ಬೆಳಕಿರಬೇಕೆಂಬುದು ನಿಯಮ. ತ್ರೀಡಿಯಲ್ಲಿ ಕನ್ನಡಕದೊಳಗೆ ಅದರ ಮೂರನೆಯ ಒಂದು ಭಾಗ ಸಿಕ್ಕರೂ ಒಪ್ಪಿಕೊಳ್ಳುವ ರೂಢಿಯಿದೆ. ಈಗ ವಾರಕ್ಕೊಮ್ಮೆ ಪರದೆಯ ತುಂಬ ಬರಿಯ ಬಿಳಿ ಬೆಳಕು ಬಿಟ್ಟು ಮೀಟರಿನಿಂದ ಅಳೆದು, ದೀಪ ಉರಿದ ಗಂಟೆಗಳ ಜೊತೆ ವಹಿಯಲ್ಲಿ ಬರೆಯುತ್ತೇನೆ. ಗಾಜು ಸರಿಸಿದವರು ಆಟಕ್ಕೆ ಮೊದಲು ಸಹಿ ಹಾಕಬೇಕು. ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ತಂಬಾಕಿನ ಜಾಹೀರಾತು ಮುಗಿಯುವವರೆಗೆ ಸಭಾಂಗಣದೊಳಗೆ ನಿಲ್ಲುವ ಅಭ್ಯಾಸ. ವರ್ಷವಿಡೀ ನೋಡಿದ್ದೇ ಜಾಹೀರಾತಾದ್ದರಿಂದ ಅದು ಹೇಗೆ ಕಾಣಬೇಕೆಂಬುದರಲ್ಲಿ ಯಾವ ಗೊಂದಲವೂ ಇಲ್ಲ.

ಮ್ಯಾನೇಜರು ಹುಡುಗನ ಪಗಾರದಲ್ಲಿ ಹಿಡಿಯೋಣವೆಂದಾಗ, ದೂರು ಕೇಳಿಯೂ ಮೇಲೆ ಹೋಗಿ ನೋಡದವನು ನಾನು ಎಂದು ಹೇಳಿ ಬಿಡಿಸಿದೆ. ಸೀರೆ ಅಂಗಡಿಯವರಿಗೆ ಮರುದಿನದ ತ್ರೀಡಿ ಆಟದ ಎರಡು ಟಿಕೆಟ್ ಕಳಿಸಿದ್ದೆ. "ಆ ಗಾಜಿನ ಆಟ ಬ್ಯಾಡ್ರಿ, ಸಂಜೀದ ಕೊಡ್ರಿ, ಮೊದಲನೇ ಅರ್ಧ ನೋಡೂದೈತಿ" ಎಂದು ಹೇಳಿಕಳಿಸಿದರು.