ಮಂಡ್ಯದಲ್ಲೇ ಕೆಲಸ ಅಂದಿದ್ದರು

ಇವತ್ತು ಭಾನುವಾರ. ಬೆಳಗ್ಗೆ ಹತ್ತರಿಂದ ಒಂದರವರೆಗೆ ಆನ್‌ಲೈನ್ ಕ್ಲಾಸ್ ಇತ್ತು. ಅದನ್ನು ಮುಗಿಸಿ, ಊಟ ಮಾಡಿ, ಈಗ ಬರೆಯೋಕೆ ಕೂತಿದ್ದೇನೆ. ಹೊಸ ಕೆಲಸಕ್ಕೆ ಸೇರಿ 41 ದಿನ ಆಯ್ತು. ಇಷ್ಟು ದಿನ ಯಾರ ಹತ್ತಿರಾನೂ ಸರಿಯಾಗಿ ಹೇಳಿಕೊಂಡಿರಲಿಲ್ಲ.

ನಾನು ಲ್ಯಾಬ್ ಟೆಕ್ನಿಷಿಯನ್. ಡಿಎಂಎಲ್‌ಟಿ, ಅಂದರೆ ಲ್ಯಾಬ್ ಕೆಲಸದ ಡಿಪ್ಲೊಮಾ, ಮುಗಿಸಿದ ಮೇಲೆ ಆರು ವರ್ಷ ಮಂಡ್ಯದಲ್ಲೇ ಒಂದು ಸಣ್ಣ ಲ್ಯಾಬ್‌ನಲ್ಲಿದ್ದೆ. ಗುತ್ತಲಿನ ನಮ್ಮ ಮನೆಯಿಂದ ಸ್ಕೂಟಿಯಲ್ಲಿ ಹತ್ತು ನಿಮಿಷ. ರಕ್ತ ತೆಗೆಯೋದು, ಶುಗರ್, ರಕ್ತಕಣಗಳನ್ನು ಎಣಿಸೋ ಸಿಬಿಸಿ, ಜ್ವರದ ಕಾಲದಲ್ಲಿ ಮಲೇರಿಯಾ ಸ್ಮಿಯರ್, ರಿಪೋರ್ಟ್ ಟೈಪ್ ಮಾಡೋದು, ಎಲ್ಲಾ ನಾನು ಮತ್ತೆ ಇನ್ನೊಬ್ಬಳು ಹುಡುಗಿ. ಸಂಬಳ 17,000. ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದರೆ ಮಗಳು ಸ್ಕೂಲಿನಿಂದ ಬರುವ ಹೊತ್ತಿಗೆ ನಾನಿರುತ್ತಿದ್ದೆ. ಈಗ ಅವಳು ಎರಡನೇ ಕ್ಲಾಸು.

ಒಂದು ದೊಡ್ಡ ಡಯಾಗ್ನೋಸ್ಟಿಕ್ ಕಂಪನಿ ನಮ್ಮೂರಲ್ಲಿ ಬ್ರಾಂಚ್ ಮಾಡುತ್ತೆ ಅಂತ ಗೊತ್ತಾಯ್ತು. ಹೆಸರು ಬೇಡ. ಇಂಟರ್‌ವ್ಯೂ ನೂರಡಿ ರಸ್ತೆಯಲ್ಲೇ ನಡೀತು. ಇಬ್ಬರು ಬಂದಿದ್ದರು, ಮರ್ಯಾದೆಯಿಂದ ಮಾತಾಡಿಸಿದರು. ನಾನು ಕೇಳಿದ್ದು ಮೂರೇ ಪ್ರಶ್ನೆ. ಸಂಬಳ ಎಷ್ಟು? 22,000. ಕೆಲಸ ಎಲ್ಲಿ? ಮಂಡ್ಯ ಬ್ರಾಂಚ್. ಟ್ರೈನಿಂಗ್ ಇದೆಯಾ? "ಸ್ವಲ್ಪ ದಿನ ಇರುತ್ತೆ ಮೇಡಂ, ನಮ್ಮ ಸಿಸ್ಟಮ್ ಅಭ್ಯಾಸ ಆಗೋವರೆಗೆ." ನಾನು ಒಂದು ವಾರ ಅಂದುಕೊಂಡೆ. ಎಲ್ಲಿ, ಎಷ್ಟು ದಿನ ಅಂತ ಮತ್ತೆ ಕೇಳಬೇಕಿತ್ತು. ಅವರೂ ಹೇಳಬೇಕಿತ್ತು ಅಲ್ವಾ?

ಸೇರಿದ ಮೊದಲನೇ ದಿನವೇ ವಾಟ್ಸಾಪ್‌ನಲ್ಲಿ ಶೆಡ್ಯೂಲ್ ಬಂತು. ಟ್ರೈನಿಂಗ್ ಮೂರು ತಿಂಗಳು. ಜಾಗ ಬೆಂಗಳೂರು, ಕುಂದಲಹಳ್ಳಿ ಹತ್ತಿರದ ಮುಖ್ಯ ಲ್ಯಾಬ್. ಸೋಮವಾರದಿಂದ ಶನಿವಾರದವರೆಗೆ ಬೆಳಗ್ಗೆ ಒಂಬತ್ತೂವರೆಗೆ ಹಾಜರಿ. ಭಾನುವಾರ ಆನ್‌ಲೈನ್ ಕ್ಲಾಸು. ಕೊನೆಗೆ ಪರೀಕ್ಷೆ. ಇರೋಕೆ ರೂಮ್ ಕೊಡುತ್ತಾರಾ ಅಂತ ಕೇಳಿದೆ. "ಅದೆಲ್ಲ ನೀವೇ ನೋಡ್ಕೋಬೇಕು" ಅಂದರು. ಅಷ್ಟು ಹೊತ್ತಿಗೆ ಹಳೇ ಲ್ಯಾಬ್‌ನಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದು ಹತ್ತು ದಿನ ಆಗಿತ್ತು.

ಪಿಜಿಯಲ್ಲಿ ಇರೋಕೆ ಮಗಳನ್ನು ಬಿಟ್ಟು ಮನಸ್ಸು ಬರಲಿಲ್ಲ. ದಿನಾ ಓಡಾಡೋಣ ಅಂತ ತೀರ್ಮಾನ ಮಾಡಿದೆವು.

ನಾಲ್ಕೂವರೆಗೆ ಏಳುತ್ತೇನೆ. ಮಗಳ ಡಬ್ಬಿಗೆ, ನನ್ನ ಡಬ್ಬಿಗೆ ಒಂದೇ ತಿಂಡಿ. ನಮ್ಮ ಮನೆಯವರು ಬಸ್ ಸ್ಟ್ಯಾಂಡಿಗೆ ಬಿಡುತ್ತಾರೆ. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ರೈಲು ಹಿಡಿದರೆ ಒಂಬತ್ತೂವರೆಗೆ ಕುಂದಲಹಳ್ಳಿ ತಲುಪೋಕೆ ಆಗೋದಿಲ್ಲ. ಮೊದಲ ಎರಡು ದಿನ ಅದರಲ್ಲೇ ಹೋಗಿ, ಎರಡು ದಿನವೂ ಲೇಟಾಗಿ, ಎಲ್ಲರ ಮುಂದೆ ನಿಂತು ಬೈಸಿಕೊಂಡೆ. ಅದಕ್ಕೇ ಈಗ ಸಾರಿಗೆ ಬಸ್ಸು. ಆಧಾರ್ ತೋರಿಸಿದರೆ ಕಂಡಕ್ಟರ್ ಜೀರೋ ಟಿಕೆಟ್ ಹರಿದು ಕೊಡುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬರದೇ ಇದ್ದಿದ್ದರೆ ಈ ಓಡಾಟವನ್ನು ಯೋಚನೆ ಕೂಡ ಮಾಡುತ್ತಿರಲಿಲ್ಲ. ಕೆಂಗೇರಿಯಲ್ಲಿ ಇಳಿದು ಮೆಟ್ರೋ. ನೇರಳೆ ಮಾರ್ಗದ ಈ ತುದಿಯಿಂದ ಹೆಚ್ಚುಕಡಿಮೆ ಆ ತುದಿಗೆ, ಒಂದು ಗಂಟೆಗೂ ಮೀರಿದ ದಾರಿ. ಮೆಜೆಸ್ಟಿಕ್‌ವರೆಗೆ ಕೈ ಮೇಲೆತ್ತಿ ಹಿಡಿದುಕೊಳ್ಳೋಕೂ ಜಾಗ ಇರೋದಿಲ್ಲ. ಒಂದೊಂದು ದಿನ ಇಂದಿರಾನಗರ ದಾಟಿದ ಮೇಲೆ ಸೀಟು ಸಿಗುತ್ತೆ. ಕೂತ ತಕ್ಷಣ ನಿದ್ದೆ. ಒಂದು ಸಲ ಕಣ್ಣು ಬಿಟ್ಟಾಗ ಕುಂದಲಹಳ್ಳಿ ದಾಟಿ ಹೋಪ್‌ಫಾರ್ಮ್ ಬಂದಿತ್ತು.

ದುಡ್ಡಿನ ಲೆಕ್ಕಾನೂ ಹೇಳುತ್ತೇನೆ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತಲ್ಲ, ಕೆಂಗೇರಿಯಿಂದ ನನಗೆ ಬೀಳೋದು ಆ 90. ಕಾರ್ಡಿನ ರಿಯಾಯಿತಿ ಕಳೆದು, ಸಂಜೆ ರೈಲ್ವೆ ಸ್ಟೇಷನ್‌ವರೆಗಿನದನ್ನು ಸೇರಿಸಿದರೂ ದಿನಕ್ಕೆ ನೂರೈವತ್ತಕ್ಕೆ ಕಡಿಮೆಯಿಲ್ಲ. ತಿಂಗಳಿಗೆ ನಾಲ್ಕು ಸಾವಿರದ ಹತ್ತಿರ. ರೈಲಿನ ಪಾಸು ಬೇರೆ. ಐದು ಸಾವಿರ ಜಾಸ್ತಿ ಸಿಗುತ್ತೆ ಅಂತ ಬಂದೆ. ಅದು ದಾರಿಯಲ್ಲೇ ಮುಗಿದುಹೋಗುತ್ತೆ.

ಸಂಜೆ ಬರೋದು ಮಾತ್ರ ಚಾಮುಂಡಿಯಲ್ಲೇ. ಐದಕ್ಕೆ ಸರಿಯಾಗಿ ಬಿಟ್ಟರೆ ಸಿಗುತ್ತೆ, ಐದೂಕಾಲು ಆಯ್ತು ಅಂದರೆ ಇಲ್ಲ. ಲೇಡೀಸ್ ಬೋಗಿಯಲ್ಲಿ ಪಾಸಿನವರೇ ಜಾಸ್ತಿ. ಹತ್ತು ವರ್ಷ, ಹದಿನೈದು ವರ್ಷದಿಂದ ಓಡಾಡುವವರಿದ್ದಾರೆ. ಅವರೆಕಾಯಿ ಸುಲಿಯುತ್ತಾರೆ, ಹೂ ಕಟ್ಟುತ್ತಾರೆ, ಮಕ್ಕಳ ಮದುವೆ ಮಾತಾಡುತ್ತಾರೆ. ಚನ್ನಪಟ್ಟಣದ ಒಬ್ಬರು ಅಕ್ಕ ಮೊದಲನೇ ವಾರವೇ ನನ್ನ ಮುಖ ನೋಡಿ, "ಹೊಸಬಳು ಅಂತ ಗೊತ್ತಾಗುತ್ತೆ ಕಣವ್ವ, ಬಾ ಇಲ್ಲಿ" ಅಂತ ಸರಿದು ಜಾಗ ಕೊಟ್ಟರು. ಆವತ್ತು ಅವರ ಭುಜಕ್ಕೆ ಒರಗಿ ಬಿಡದಿಯಿಂದ ಚನ್ನಪಟ್ಟಣದವರೆಗೆ ನಿದ್ದೆ ಮಾಡಿದೆ. ಅವರು ಅಲುಗಾಡದೆ ಕೂತಿದ್ದರು. ಇಳಿಯುವಾಗ, ತಮ್ಮ ಕೆಲಸ ಬೆಂಗಳೂರಲ್ಲೇ ಅಂತ ಗೊತ್ತಿದ್ದೇ ಸೇರಿದ್ದು ಅಂದರು. "ಮನೆಯವ್ರನ್ನೆಲ್ಲ ಕೂರಿಸ್ಕೊಂಡು ಮಾತಾಡಿ ಒಪ್ಕೊಂಡೆ. ಅದಕ್ಕೇ ನಡೀತಾ ಐತೆ." ಆ ಮಾತು ನನ್ನ ತಲೆಯಿಂದ ಹೋಗಿಲ್ಲ. ನಮ್ಮ ಮನೆಯಲ್ಲಿ ಅಂಥ ಮಾತು ನಡೆಯೋಕೆ ಅವಕಾಶವೇ ಸಿಗಲಿಲ್ಲ.

ಟ್ರೈನಿಂಗ್ ಕೆಟ್ಟದು ಅಂತ ನಾನು ಹೇಳೋದಿಲ್ಲ. ಚೆನ್ನಾಗಿ ಕಲಿಸುತ್ತಿದ್ದಾರೆ. ಎರಡನೇ ವಾರ ರಕ್ತ ತೆಗೆಯುವಾಗ ಟ್ಯೂಬುಗಳನ್ನು ಯಾವ ಕ್ರಮದಲ್ಲಿ ತುಂಬಬೇಕು ಅಂತ ಹೇಳಿಕೊಟ್ಟರು. ಟ್ಯೂಬಿನ ಮುಚ್ಚಳದ ಬಣ್ಣ ನೋಡಿದರೆ ಒಳಗೆ ಯಾವ ರಾಸಾಯನಿಕ ಇದೆ ಅಂತ ಗೊತ್ತಾಗುತ್ತೆ. ಮೊದಲು ಬ್ಲಡ್ ಕಲ್ಚರ್, ಆಮೇಲೆ ನೀಲಿ ಮುಚ್ಚಳದ ಸಿಟ್ರೇಟ್, ಆಮೇಲೆ ಸೀರಮ್‌ನ ಕೆಂಪು ಇಲ್ಲ ಹಳದಿ, ಹಸಿರು ಹೆಪಾರಿನ್, ನೇರಳೆ ಇಡಿಟಿಎ, ಕೊನೆಗೆ ಶುಗರ್‌ನ ಬೂದು ಬಣ್ಣದ ಫ್ಲೋರೈಡ್. ಡಿಪ್ಲೊಮಾದಲ್ಲಿ ಓದಿದ್ದೇ, ಆದರೆ ಇಷ್ಟು ವರ್ಷ ಕೈಗೆ ಸಿಕ್ಕಿದ್ದು ಮೊದಲು ತುಂಬುತ್ತಿದ್ದೆ. ಯಾಕೆ ಹಾಗೆ ಮಾಡಬಾರದು ಅಂತ ಟ್ರೈನರ್ ಮೇಡಂ ತೋರಿಸಿದರು. ನೇರಳೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಹಾಕಿರೋ ಇಡಿಟಿಎ ಪೊಟ್ಯಾಸಿಯಂ ಉಪ್ಪು. ಅದು ಸೀರಮ್ ಟ್ಯೂಬಿಗೆ ಸ್ವಲ್ಪ ಸೇರಿದರೂ ಪೊಟ್ಯಾಸಿಯಂ ಸುಳ್ಳುಸುಳ್ಳೇ ಮೇಲೆ ಹೋಗುತ್ತೆ, ಕ್ಯಾಲ್ಸಿಯಂ ಕೆಳಗೆ ಬರುತ್ತೆ.

ಅದನ್ನು ಕೇಳುತ್ತಾ ನನಗೆ ಒಬ್ಬರು ಅಜ್ಜಿ ನೆನಪಾದರು. ಎರಡು ವರ್ಷದ ಹಿಂದೆ ಹಳೇ ಲ್ಯಾಬ್‌ನಲ್ಲಿ ಅವರ ಪೊಟ್ಯಾಸಿಯಂ ಏಳರ ಮೇಲೆ ಬಂದಿತ್ತು. ಮಗ ಗಾಬರಿಯಾಗಿ ಆಟೋದಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಮತ್ತೆ ತೆಗೆದರೆ ಎಲ್ಲಾ ನಾರ್ಮಲ್. ಆವತ್ತು ಮೆಷಿನ್ ತೊಂದರೆ ಇರಬೇಕು ಅಂದುಕೊಂಡಿದ್ದೆವು. ಆ ಟ್ಯೂಬು ತುಂಬಿದ್ದು ನನ್ನ ಕೈ. ಈಗ ನೇರಳೆ ಟ್ಯೂಬು ಹಿಡಿದಾಗಲೆಲ್ಲ ಅವರ ಮುಖ ಕಣ್ಣ ಮುಂದೆ ಬರುತ್ತೆ. ಮೆಲ್ಲಗೆ ಎಂಟು ಸಲ ತಲೆಕೆಳಗೆ ಮಾಡಿ, ಎಣಿಸಿ, ಸ್ಟ್ಯಾಂಡಿನಲ್ಲಿ ಇಡುತ್ತೇನೆ. ಇದನ್ನು ಕಲಿಯೋಕೆ ಬೆಂಗಳೂರಿಗೆ ಮೂರು ತಿಂಗಳು ಬಾ ಅಂತ ಮೊದಲೇ ಹೇಳಿದ್ದರೆ ಬಹುಶಃ ನಾನು ಹೂಂ ಅನ್ನುತ್ತಿದ್ದೆ. ಬೇಸಿಗೆ ರಜೆಯಲ್ಲಿ ಮಗಳನ್ನು ಅಮ್ಮನ ಮನೆಯಲ್ಲಿ ಬಿಟ್ಟು, ಪಿಜಿ ಹಿಡಿದು, ಸಮಾಧಾನವಾಗಿ ಕಲಿಯುತ್ತಿದ್ದೆ.

ಕಳೆದ ವಾರ ಇನ್ನೊಂದು ವಿಷಯ ಗೊತ್ತಾಯ್ತು. ಪರೀಕ್ಷೆ ಪಾಸಾದ ತಕ್ಷಣ ಮಂಡ್ಯಕ್ಕೆ ಕಳಿಸ್ತಾರೆ ಅನ್ನೋದೂ ಖಾತ್ರಿಯಿಲ್ಲ. "ವೇಕೆನ್ಸಿ ನೋಡಿಕೊಂಡು" ಅಂತೆ. ಆಫರ್ ಲೆಟರ್ ತೆಗೆದು ನೋಡಿದೆ. ನಾಲ್ಕನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇಂಗ್ಲಿಷ್‌ನಲ್ಲಿತ್ತು: ಕಂಪನಿಯ ಯಾವ ಕೇಂದ್ರಕ್ಕಾದರೂ ಹಾಕಬಹುದು. ಅದರ ಕೆಳಗೆ, ವರ್ಷದೊಳಗೆ ಬಿಟ್ಟರೆ ಟ್ರೈನಿಂಗ್ ಖರ್ಚು 50,000 ಕಟ್ಟಬೇಕು. ಎಲ್ಲಾ ಪುಟದಲ್ಲೂ ನನ್ನ ಸಹಿ ಇದೆ.

ನಮ್ಮ ಚಿಕ್ಕಪ್ಪನ ಮಗ ಮಂಡ್ಯ ಕೋರ್ಟಿನಲ್ಲಿ ವಕೀಲ. ಅವನನ್ನು ಕೇಳಿದೆ. ಹೀಗೆ ಬಿಟ್ಟರೆ ದುಡ್ಡು ಕಟ್ಟಬೇಕು ಅಂತ ಬರೆಸಿಕೊಳ್ಳೋ ಬಾಂಡ್ ಅಂದ ಮಾತ್ರಕ್ಕೆ ಕಾನೂನಿಗೆ ವಿರುದ್ಧ ಅಲ್ಲ, 2025ರ ಮೇನಲ್ಲಿ ಒಂದು ಬ್ಯಾಂಕಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ ಅಂದ. ಆದರೆ 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬರೆದುಕೊಂಡ ಮೊತ್ತ ಪೂರ್ತಿ ಸಿಕ್ಕೇ ಸಿಗುತ್ತೆ ಅಂತೇನಿಲ್ಲ, ನ್ಯಾಯವಾಗಿ ಎಷ್ಟು ಪರಿಹಾರವೋ ಅಷ್ಟೇ, ಬರೆದ ಮೊತ್ತ ಅದರ ಮೇಲಿನ ಮಿತಿ ಅಂದ. "ಅಕ್ಕ, ಬಾಯಲ್ಲಿ ಜಗಳ ಆಡ್ಬೇಡ. ಕೇಳೋದನ್ನೆಲ್ಲ ಮೇಲ್‌ನಲ್ಲಿ ಕೇಳು" ಅಂತಲೂ ಹೇಳಿದ.

ಗುರುವಾರ ಮೇಲ್ ಕಳಿಸಿದೆ. ಇಂಟರ್‌ವ್ಯೂ ನಡೆದ ದಿನ ಯಾರು ಏನು ಹೇಳಿದರು ಅನ್ನೋದನ್ನು ಬರೆದೆ. ಮಂಡ್ಯ ಬ್ರಾಂಚಿಗೆ ಯಾವ ತಿಂಗಳು ಕಳಿಸುತ್ತೀರಿ, ಬರೆದು ತಿಳಿಸಿ, ಇಲ್ಲದಿದ್ದರೆ ಈ ತಿಂಗಳ ಕೊನೆಗೆ ರಾಜೀನಾಮೆ ಕೊಡುತ್ತೇನೆ ಅಂದೆ. ಇವತ್ತಿನವರೆಗೆ ಉತ್ತರ ಬಂದಿಲ್ಲ.

ಹಳೇ ಲ್ಯಾಬ್‌ನ ಡಾಕ್ಟರ್ ಸರ್‌ಗೂ ಫೋನ್ ಮಾಡಿದ್ದೆ. ನಾಚಿಕೆಯಾಗಿತ್ತು, ಆದರೂ ಮಾಡಿದೆ. ಅವರು ಒಂದು ಮಾತೂ ಬೈಯಲಿಲ್ಲ. "ಬೆಳಗಿನ ಕೆಲಸಕ್ಕೆ ಹುಡುಗಿ ಸೇರಿದ್ದಾಳಮ್ಮ, ಅವಳನ್ನ ಹೆಂಗೆ ಬಿಡಿಸ್ಲಿ? ಸಂಜೆ ಎರಡು ಗಂಟೆ ಬೇಕಾದ್ರೆ ಬಾ" ಅಂದರು. ಬಿಡಿಸಿ ಅಂತ ನಾನೂ ಕೇಳೋದಿಲ್ಲ. ಆ ಹುಡುಗಿಗೂ ಆ ಕೆಲಸ ಬೇಕು.

ಮಗಳು ಈಗ ಅತ್ತೆಯ ಪಕ್ಕ ಮಲಗೋದು ಅಭ್ಯಾಸ ಮಾಡಿಕೊಂಡಿದ್ದಾಳೆ. ರಾತ್ರಿ ನಾನು ಬರುವಾಗ ನಿದ್ದೆಗಣ್ಣಲ್ಲೇ ಕೈ ಹಿಡಿದುಕೊಂಡು ಮೂಸುತ್ತಾಳೆ. ಸ್ಪಿರಿಟ್ ವಾಸನೆ ಬಂದರೆ ಅಮ್ಮ ಬಂದಳು ಅಂತ ಗೊತ್ತಾಗುತ್ತಂತೆ.

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ ಕಡೆ ಯಾವುದಾದರೂ ಲ್ಯಾಬ್‌ನಲ್ಲಿ ಬೆಳಗಿನ ಕೆಲಸ ಇದ್ದರೆ ದಯವಿಟ್ಟು ತಿಳಿಸಿ. 17,000 ಕೊಟ್ಟರೂ ಸಾಕು.