‘ವೋಟ್ ಎಲ್ಲಿದೆ?’

ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಡಿಪ್ಲೊಮಾ ಅಪ್ರೆಂಟಿಸ್. ತಿಂಗಳಿಗೆ 8,000 ರೂಪಾಯಿ ಸ್ಟೈಪೆಂಡ್. ಪಿಜಿಗೆ 5,500 ಕಟ್ಟಿದ ಮೇಲೆ ಉಳಿದದ್ದರಲ್ಲಿ ಬಸ್ಸು, ಮೊಬೈಲು, ಭಾನುವಾರ ರಾತ್ರಿಯ ಊಟ (ಅವತ್ತು ಪಿಜಿಯಲ್ಲಿ ಅಡುಗೆ ಇರಲ್ಲ, ಬೆಂಗಳೂರಲ್ಲಿ ಇದ್ದವರಿಗೆ ಗೊತ್ತು). ಪಕ್ಕದ ಮಶೀನಿನ ಕಾಯಂ ನೌಕರರಿಗೂ ನನಗೂ ಟಾರ್ಗೆಟ್ ಒಂದೇ.

ಕನಿಷ್ಠ ವೇತನ ಕೇಳೋಣವೆಂದರೆ, 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ನಾವು ತರಬೇತಿಯವರು, ಕಾರ್ಮಿಕರಲ್ಲ. ಸ್ಟೈಪೆಂಡಿನ ಕನಿಷ್ಠ ಮಟ್ಟ ಓದಿಗೆ ತಕ್ಕಂತೆ 5,000ದಿಂದ 9,000 ಎಂದು 2019ರಲ್ಲಿ ನಿಗದಿಯಾದದ್ದು. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಅದನ್ನು 6,800ರಿಂದ 12,300ರವರೆಗೆ ಏರಿಸಲು ಶಿಫಾರಸು ಮಾಡಿದ ಸುದ್ದಿ ಪಿಜಿ ಗ್ರೂಪಿನಲ್ಲಿ ಬಂತು. ಶಿಫಾರಸು ಖಾತೆಗೆ ಜಮಾ ಆಗುವುದಿಲ್ಲವಲ್ಲ. ಜನಪ್ರತಿನಿಧಿಗಳು ಯಾರಾದರೂ ಬಾಯಿ ಬಿಡಲಿ ಅಂತ ಹೊರಟೆವು.

ಕಾರ್ಪೊರೇಟರ್ ಹತ್ತಿರ ಹೋಗುವಂತಿರಲಿಲ್ಲ. 2020ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಕಾರ್ಪೊರೇಟರೇ ಇರಲಿಲ್ಲ. ಅಲ್ಲಿನ ಶಾಸಕರೊಬ್ಬರ ಕಚೇರಿಗೆ ಹೋದರೆ ಟೇಬಲ್ಲಿನ ಹುಡುಗ ಅರ್ಜಿ ಮುಟ್ಟುವ ಮೊದಲೇ ಕೇಳಿದ: “ವೋಟ್ ಎಲ್ಲಿದೆ?” ನನ್ನದು ಹಾವೇರಿ ಜಿಲ್ಲೆ, ರೂಮ್‌ಮೇಟ್‌ನದೂ ಅಲ್ಲೇ. “ಹಾಗಾದ್ರೆ ನಿಮ್ಮ ಎಮ್ಮೆಲ್ಲೆ ಹತ್ರ ಕೊಡಿ.” ಒರಟಾಗಿಯೇನೂ ಹೇಳಲಿಲ್ಲ. ಆದರೆ ಪೀಣ್ಯದಲ್ಲಿ ದುಡಿಯುವ ಎಷ್ಟೋ ಹುಡುಗರ ವೋಟು ಕಲಬುರಗಿ, ರಾಯಚೂರು, ಹಾವೇರಿಯಲ್ಲಿದೆ. ನಾವು ಇರುವ ಕಡೆ ನಮಗೆ ಶಾಸಕರಿಲ್ಲ, ಶಾಸಕರಿರುವ ಕಡೆ ನಾವಿರುವುದಿಲ್ಲ. ಸ್ಟೈಪೆಂಡ್ ಅಷ್ಟು ವರ್ಷ ಅಲ್ಲಾಡದೆ ನಿಂತದ್ದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ.

ಶನಿವಾರ ರಾತ್ರಿ ಬಸ್ಸು ಹತ್ತಿ ಊರಿಗೆ ಹೋದೆವು. ಬೆಳಿಗ್ಗೆ ಎಂಟಕ್ಕೇ ಸಾಹೇಬರ ಮನೆ ಮುಂದೆ ಜನವೋ ಜನ. ಬೋರ್‌ವೆಲ್, ವರ್ಗಾವಣೆ, ಮಗಳ ಲಗ್ನಪತ್ರಿಕೆ, ಜಾತ್ರೆಯ ವಂತಿಗೆ. ನಮ್ಮ ಪಾಳಿ ಬಂದಾಗ ಅವರು ಚಹಾ ಕುಡಿಯುತ್ತಲೇ ಅರ್ಜಿ ಮೇಲೆ ಕಣ್ಣಾಡಿಸಿದರು.

“ಯಾವ ಕಂಪನಿ ಹೇಳ ತಮ್ಮಾ, ಫೋನ್ ಹಚ್ಚಿ ಹೇಳ್ತೇನಿ.”

“ಒಬ್ರದಲ್ರಿ ಸಾಹೇಬ್ರ, ಎಲ್ಲಾ ಅಪ್ರೆಂಟಿಸ್‌ದು.”

“ಎಲ್ಲಾರದೂ ಅಂದ್ರ ಅದು ದಿಲ್ಲಿದಪಾ.”

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ನಮ್ಮನ್ನು ಬದಿಗೆ ಕರೆದವರು ಅವರ ಪಿ.ಎ. ವಯಸ್ಸಾದವರು, ಕಿವಿಯ ಸಂದಿಯಲ್ಲಿ ಪೆನ್ನು. ‘ಸ್ಟೈಪೆಂಡ್ ಹೆಚ್ಚಿಸಬೇಕು’ ಎಂಬ ಸಾಲಿಗೆ ಅಡ್ಡಗೆರೆ ಎಳೆದೇ ಮಾತು ಶುರು ಮಾಡಿದರು. “ಇದನ್ನ ಸದನದಾಗ ಕೇಳಿದ್ರ ‘ಕೇಂದ್ರಕ್ಕೆ ಸಂಬಂಧಿಸಿದ್ದು’ ಅಂತ ಒಂದ ಸಾಲಿನ ಉತ್ತರ ಬರ್ತೈತಿ. ರಾಜ್ಯದ ಕೈಯಾಗ ಏನೈತಿ, ಅದನ್ನ ಹೇಳ್ರಿ.”

ರೂಮ್‌ಮೇಟ್‌ಗೆ ನೆನಪಾದದ್ದು ಓ.ಟಿ., ಅಂದರೆ ಪಾಳಿ ಮುಗಿದ ಮೇಲಿನ ಹೆಚ್ಚುವರಿ ಕೆಲಸ. ಅದೇ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಅಪ್ರೆಂಟಿಸ್‌ಶಿಪ್ ಸಲಹೆಗಾರರ (ಈ ಕಾಯ್ದೆ ನೋಡಿಕೊಳ್ಳಲು ಸರ್ಕಾರ ನೇಮಿಸಿದ ಅಧಿಕಾರಿ) ಒಪ್ಪಿಗೆಯಿಲ್ಲದೆ ನಮ್ಮಿಂದ ಓ.ಟಿ. ಮಾಡಿಸುವಂತಿಲ್ಲ. ರಾಜ್ಯಕ್ಕೂ ಒಬ್ಬ ಸಲಹೆಗಾರರಿದ್ದಾರೆ. ಪಿ.ಎ. ಮುಖ ಅರಳಿತು. ಅರ್ಜಿಯ ಬೆನ್ನಿಗೇ ಬರೆದರು: ರಾಜ್ಯದಲ್ಲಿ ಅಪ್ರೆಂಟಿಸ್‌ಗಳು ಎಷ್ಟು? ಓ.ಟಿ.ಗೆ ಒಪ್ಪಿಗೆ ಪಡೆದ ಸಂಸ್ಥೆಗಳು ಎಷ್ಟು? ತಪಾಸಣೆ ಆದದ್ದು ಎಲ್ಲೆಲ್ಲಿ? ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿಗಳು ಎದ್ದು ನಿಂತು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆಯನ್ನೂ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಬರೀ ಲಿಖಿತ ಉತ್ತರ. ಬೆಳಗಾವಿ ಅಧಿವೇಶನಕ್ಕೆ ಕಳಿಸೋಣ ಎಂದರು. ಸ್ಟೈಪೆಂಡಿನ ವಿಷಯ ಬೇರೆ ಹಾಳೆಯಲ್ಲಿ ಬರೆದು ಸಂಸದರಿಗೆ ಕೊಡಿ ಅಂತಲೂ ಹೇಳಿದರು. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಯಾರೂ ಹೇಳಿಕೊಡದ ಪಾಠ.

ಹೊರಡುವಾಗ ಸಾಹೇಬರು ಮತ್ತೆ ಕರೆದರು. “ಬಯೋಡಾಟಾ ಏನರ ತಂದೀರೇನ್?” ನಾನು ಇಲ್ಲ ಎಂದೆ. ರೂಮ್‌ಮೇಟ್ ಬ್ಯಾಗಿನಿಂದ ಪ್ಲಾಸ್ಟಿಕ್ ಕವರ್ ತೆಗೆದ. ಜೆರಾಕ್ಸ್ ಸಮೇತ ಇತ್ತು. ಬಸ್ಸಿನಲ್ಲಿ ಅದರ ಬಗ್ಗೆ ಸ್ವಲ್ಪ ಜಗಳವೂ ಆಯಿತು. ಅವನ ಕಾಂಟ್ರ್ಯಾಕ್ಟ್ ಮಾರ್ಚ್‌ಗೆ ಮುಗಿಯುತ್ತದೆ, ಕಾಂಟ್ರ್ಯಾಕ್ಟ್‌ನಲ್ಲೇ ಷರತ್ತು ಇಲ್ಲದಿದ್ದರೆ ಆಮೇಲೆ ಕೆಲಸ ಕೊಡಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ತುಮಕೂರು ದಾಟುವ ಹೊತ್ತಿಗೆ ನಾನೂ ಅವನ ಬಯೋಡಾಟಾದ ನಮೂನೆ ವಾಟ್ಸಾಪಿಗೆ ಹಾಕಿಸಿಕೊಂಡೆ.