ತಪ್ಪು ಬಾಗಿಲಲ್ಲಿ ಇಟ್ಟ ಕೋಲು

"ಕೋಲು ಸಿಗುತ್ತಿಲ್ಲ."

ಗಢವಾಲಿ ಭಾಷೆಯಲ್ಲಿ ನನಗೆ ಪೂರ್ತಿ ಅರ್ಥವಾದ ಮೊದಲ ಮಾತು ಇದು. ಬೆಳಿಗ್ಗೆ ಇನ್ನೂ ಆರೂವರೆ. ಅಂಗಳದಲ್ಲಿ ನಾಲ್ಕೈದು ಹೆಂಗಸರು ನಿಂತು ಒಬ್ಬರ ಮೇಲೊಬ್ಬರು ಮಾತಾಡುತ್ತಿದ್ದರು. ನಾನು ರಜಾಯಿಯೊಳಗೇ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ. ಯಾಕೆಂದರೆ ಹಿಂದಿನ ಸಂಜೆ ಆ ಕೋಲನ್ನು ಇಟ್ಟು ಬಂದವಳು ನಾನೇ.

ಇದು ಉತ್ತರಾಖಂಡದ ಪೌಡಿ ಜಿಲ್ಲೆಯ ಕಥೆ. ದೂಧಾತೋಲಿ ಅನ್ನೋ ಬೆಟ್ಟಸಾಲಿನಲ್ಲಿ ಉಫರೈಂಖಾಲ್ ಅಂತ ಒಂದು ಪುಟ್ಟ ಊರಿದೆ. ಅದರ ಆಸುಪಾಸಿನ ಒಂದು ಹಳ್ಳಿ. ಹೆಸರು ಬೇಡ, ಕೋಲಿನ ವಿಷಯಕ್ಕೆ ಆ ಊರಿನವರನ್ನು ಯಾರೂ ಕಾಡಿಸಬಾರದು. ನಾನು ಶಿರಸಿ ಕಡೆಯವಳು. ಕೆಲಸಕ್ಕೆ ಅಂತ ಡೆಹ್ರಾಡೂನಿಗೆ ಬಂದು ಮೂರು ವರ್ಷವಾಗಿತ್ತು. ಆಫೀಸಿನ ಗೆಳತಿಯ ಅತ್ತಿಗೆ ಈ ಊರಿನಲ್ಲಿ ಇದ್ದರು. ಮಾರ್ಚ್ ಕೊನೆಯ ವಾರ ರಜೆ ಸಿಕ್ಕಿತು, ಹೊರಟೆ. ಉತ್ತರಾಖಂಡದ್ದೇ ಆದ ರಾಮನಗರದಿಂದ ಷೇರ್ ಜೀಪು. ಹತ್ತು ಜನರ ಜೀಪಿನಲ್ಲಿ ಹದಿನಾಲ್ಕು ಜನ, ಎರಡು ಗ್ಯಾಸ್ ಸಿಲಿಂಡರು, ಯಾರದೋ ಮದುವೆಯ ಒಂದು ಕಪಾಟು.

ಹೋಗುವ ಆಸೆ ಹಳೆಯದು. ಶಿರಸಿ ಸೀಮೆಯಲ್ಲಿ ಬೆಳೆದವರು ಅಪ್ಪಿಕೋ ಕಥೆ ಕೇಳದೆ ಇರೋಕೆ ಆಗುತ್ತಾ? 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ, ಕಡಿಯೋಕೆ ಬಿಡದೆ ಮರಗಳನ್ನು ಅಪ್ಪಿಕೊಂಡು ನಿಂತಿದ್ದರು. ಅದು ಉತ್ತರಾಖಂಡದ ಚಿಪ್ಕೋ ಚಳವಳಿಯಿಂದ ಬಂದದ್ದು, ಅಲ್ಲಿ ರೇಣಿ ಅನ್ನೋ ಊರಲ್ಲಿ ಗೌರಾದೇವಿ ಅನ್ನೋ ಹೆಂಗಸು 1974ರಲ್ಲಿ ಮರ ಕಡಿಯೋರನ್ನು ವಾಪಸ್ ಕಳಿಸಿದಳು ಅಂತ ಅಪ್ಪ ಹೇಳುತ್ತಿದ್ದರು. ಕಥೆ ಯಾವಾಗಲೂ ಅಲ್ಲಿಗೇ ಮುಗಿಯುತ್ತಿತ್ತು. ಮರ ಉಳಿಯಿತು, ಸರಿ. ಮಾರನೇ ದಿನ? ಹತ್ತು ವರ್ಷದ ನಂತರ? ಅದನ್ನು ಯಾರೂ ಹೇಳುತ್ತಿರಲಿಲ್ಲ.

ಆ ಮಾರನೇ ದಿನದ ಕಥೆ ಇಲ್ಲಿ ಒಂದು ಕೋಲಿನ ರೂಪದಲ್ಲಿತ್ತು.

ಗೆಳತಿಯ ಅತ್ತಿಗೆಯನ್ನು ನಾನು ದೀದಿ ಅಂದೆ. ಅವರು ನನ್ನನ್ನು ಭುಲೀ ಅಂದರು, ಅಂದರೆ ತಂಗಿ. ನಾನು ಹೋದ ಮಾರನೇ ಬೆಳಿಗ್ಗೆ ಅವರ ಬಾಗಿಲ ಪಕ್ಕದ ಗೋಡೆಗೆ ಒಂದು ಕೋಲು ಒರಗಿತ್ತು. ಸುಮಾರು ನನ್ನ ಭುಜದೆತ್ತರ. ಹಿಡಿಯುವ ಜಾಗ ಸವೆದು ನುಣುಪಾಗಿತ್ತು. ತುದಿಗೆ ಗೆಜ್ಜೆ ಕಟ್ಟಿತ್ತು, ನಮ್ಮೂರಲ್ಲಿ ಎತ್ತಿನ ಕೊರಳಿಗೆ ಕಟ್ಟುವಂಥದ್ದು. ಇದಕ್ಕೆ ಖಾಂಖರ್ ಅನ್ನುತ್ತಾರೆ. ಇದು ಯಾರ ಬಾಗಿಲಲ್ಲಿ ಸಿಗುತ್ತದೋ ಆ ದಿನ ಕಾಡು ಕಾಯುವ ಪಾಳಿ ಅವರದ್ದು. ಸಂಜೆ ಬಂದು ಮುಂದಿನ ಮನೆಯ ಬಾಗಿಲಿಗೆ ಇಟ್ಟುಬಿಡಬೇಕು. ರಿಜಿಸ್ಟರ್ ಇಲ್ಲ, ಸಂಬಳ ಇಲ್ಲ, ವಾಟ್ಸಾಪ್ ಗ್ರೂಪೂ ಇಲ್ಲ.

"ನಡಿ, ನೀನೂ ಬಾ" ಅಂದರು ದೀದಿ.

ಹೊರಡುವ ಮುಂಚೆ ತಿಂಡಿ. ತಟ್ಟೆ ನೋಡಿ ನನಗೆ ನಗು ಬಂತು. ಮಂಡುವಾ ರೊಟ್ಟಿ, ಮೇಲೆ ತುಪ್ಪ, ಪಕ್ಕದಲ್ಲಿ ಗಹತ್ ಬೇಳೆ. ಮಂಡುವಾ ಅಂದರೆ ನಮ್ಮ ರಾಗಿ. ಗಹತ್ ಅಂದರೆ ಹುರುಳಿ. ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ ಬಂದು ರಾಗಿ ರೊಟ್ಟಿ, ಹುರುಳಿ ಸಾರು! ನಮ್ಮಲ್ಲೂ ಇದೇ ಊಟ ಅಂದರೆ ದೀದಿ ನಂಬಲಿಲ್ಲ. ನೀವು ಇಡ್ಲಿ ತಿನ್ನೋರಲ್ವಾ ಅಂದರು.

ಮನೆಗಳ ಸಾಲು ದಾಟಿದ ಕೂಡಲೇ ಏರು. ಮೊದಲು ಚೀಡ್ ಅನ್ನೋ ಪೈನ್ ಮರಗಳು. ಅದರ ಒಣ ಸೂಜಿ ಎಲೆಗೆ ಪಿರೂಲ್ ಅನ್ನುತ್ತಾರೆ. ಕಾಲಿಟ್ಟರೆ ಎಣ್ಣೆ ಚೆಲ್ಲಿದ ನೆಲದ ಹಾಗೆ ಜಾರುತ್ತದೆ. ನಾನು ಎರಡು ಸಲ ಕೂತೆ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಹತ್ತಿದರೆ ಅದನ್ನು ಓಡಿಸುವುದು ಇದೇ ಪಿರೂಲ್. ಅದರ ಮೇಲೆ ಬಾಂಜ್ ಮರಗಳ ಕಾಡು, ಓಕ್ ಜಾತಿ. ಅಲ್ಲಿಗೆ ಕಾಲಿಟ್ಟರೆ ನೆಲವೇ ಬೇರೆ. ಕಪ್ಪು ಮಣ್ಣು, ಉದುರಿದ ಎಲೆಯ ಮೆತ್ತನೆಯ ದರಕು, ಮಣ್ಣಿನ ವಾಸನೆ. ನಡುನಡುವೆ ಬುರಾಂಶ್ ಮರಗಳು ಮೈತುಂಬ ಕೆಂಪು ಹೂ ಬಿಟ್ಟು ನಿಂತಿದ್ದವು.

ಈ ಕಾಡು ಹಿಂದೆ ಹೀಗಿರಲಿಲ್ಲ. ಸಚ್ಚಿದಾನಂದ ಭಾರತಿ ಇಲ್ಲಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಗೋಪೇಶ್ವರದಲ್ಲಿ ಓದುವಾಗ ಚಿಪ್ಕೋದವರ ಜೊತೆ ಓಡಾಡಿದವರು. ಊರಿಗೆ ವಾಪಸ್ ಬಂದು 1980ರ ಹೊತ್ತಿಗೆ ಮಕ್ಕಳನ್ನು, ಹೆಂಗಸರನ್ನು ಸೇರಿಸಿಕೊಂಡು ಗಿಡ ನೆಡುವ ಶಿಬಿರ ಶುರು ಮಾಡಿದರು. 1987ರ ಬರದಲ್ಲಿ ನೆಟ್ಟ ಗಿಡಗಳು ಒಣಗಿದವು. ಆಮೇಲೆ ಗಿಡದ ಪಕ್ಕ ಗುಂಡಿ ತೋಡೋಕೆ ಶುರುವಾಯಿತು. ಹೊಸ ಉಪಾಯವೇನಲ್ಲ. ಗುಡ್ಡದ ಮೇಲೆ ಮಳೆನೀರು ನಿಲ್ಲಿಸುವ ಇಂಥ ಹೊಂಡಗಳಿಗೆ ಚಾಲ್, ದೊಡ್ಡದಾದರೆ ಖಾಲ್ ಅನ್ನುವ ಹೆಸರು ಮೊದಲೇ ಇತ್ತು. ಉಫರೈಂಖಾಲ್, ಬೀರೋಂಖಾಲ್ ಅಂತ ಊರಿನ ಹೆಸರಲ್ಲಿ ಖಾಲ್ ಉಳಿದಿತ್ತು, ನೀರು ಉಳಿದಿರಲಿಲ್ಲ. ನಾವು ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುತ್ತಾ ಮುಚ್ಚಿಹೋದ ಧರ್ಮಾಂಬುಧಿ ಕೆರೆಯ ಮೇಲೆ ನಿಂತಿರುತ್ತೀವಲ್ಲ, ಹಾಗೆ.

ಪುಸ್ತಕದಲ್ಲಿ ಓದುವಾಗ ಸಾವಿರಾರು ಹೊಂಡ ಅಂದರೆ ಏನೇನೋ ಕಲ್ಪನೆ. ನೋಡಿದರೆ ಒಂದು ಎಮ್ಮೆ ಮಲಗುವಷ್ಟು ತಗ್ಗು. ಅಂಚಿಗೆ ಗರಿಕೆ ಹಬ್ಬಿಸಿದ್ದಾರೆ, ಸುತ್ತ ಮರ. ಸಿಮೆಂಟಿನ ಸುಳಿವೇ ಇಲ್ಲ. ಮೊದಲನೆಯದರಲ್ಲಿ ನೀರಿರಲಿಲ್ಲ. ನನ್ನ ಮುಖ ನೋಡಿ ದೀದಿ ಕೋಲಿನ ಬುಡವನ್ನು ತಳದಲ್ಲಿ ಊರಿ ಎತ್ತಿದರು. ಗೇಣುದ್ದ ಒದ್ದೆ. "ನೀರು ಮೇಲೆ ಕಾಣೋಕೆ ಅಂತ ಅಲ್ಲ, ಒಳಗೆ ಹೋಗೋಕೆ" ಅಂದರು. ಕೆಳಗಿನ ಕಂದರಕ್ಕೆ ಹಿಂದೆ ಸೂಖಾರೌಲಾ ಅಂತ ಹೆಸರು, ಒಣ ತೊರೆ ಅಂತ ಅರ್ಥ. ಗುಂಡಿಗಳಾದ ಕೆಲವು ವರ್ಷಕ್ಕೆ ಅದರಲ್ಲಿ ನೀರು ನಿಂತು ಹರಿಯತೊಡಗಿತು. ಹೆಸರೂ ಬದಲಾಯಿತು. ಈಗ ಅದು ಗಾಡ್‌ಗಂಗಾ.

ಕಾವಲು ಅಂದರೆ ನಾನು ಏನೋ ದೊಡ್ಡ ಕೆಲಸ ಅಂದುಕೊಂಡಿದ್ದೆ. ಹೆಚ್ಚಿನ ಹೊತ್ತು ನಡೆಯುವುದಷ್ಟೆ. ಹೆಜ್ಜೆಗೊಂದು ಸಲ ಗೆಜ್ಜೆ. ಚಿರತೆಗೂ ಗೊತ್ತಾಗಬೇಕು, ಕಳ್ಳನಿಗೂ ಗೊತ್ತಾಗಬೇಕು. ಪಕ್ಕದ ಗುಡ್ಡದಲ್ಲಿ ಇನ್ನೊಂದು ಊರಿನ ಗೆಜ್ಜೆ ಕೇಳಿದರೆ ದೀದಿ ನಿಂತು ಕೋಲನ್ನು ಜೋರಾಗಿ ಕುಟ್ಟುತ್ತಿದ್ದರು. ಆ ಕಡೆಯಿಂದಲೂ ಉತ್ತರ ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಇಬ್ಬರು ಹುಡುಗಿಯರು ಸೊಪ್ಪಿನ ಹೊರೆಯ ಜೊತೆ ಸಿಕ್ಕರು. ದೀದಿ ಹೊರೆಯೊಳಗೆ ಕೈ ಹಾಕಿ ನೋಡಿದರು. ಸೊಪ್ಪು ತರಬಹುದು, ತುದಿ ಚಿವುಟುವ ಹಾಗಿಲ್ಲ. ತುದಿ ಹೋದರೆ ಮರ ಮೇಲೇಳುವುದಿಲ್ಲ. ಹೊರೆಯಲ್ಲಿ ಒಂದು ತುದಿ ಸಿಕ್ಕಿತು. ಬೈಗುಳವೂ ಸಿಕ್ಕಿತು. ದಂಡ ಇಲ್ಲ. ಹುಡುಗಿ ನಾಲಗೆ ಕಚ್ಚಿಕೊಂಡಳು.

ನನಗೆ ನಮ್ಮ ಸೊಪ್ಪಿನ ಬೆಟ್ಟಗಳು ನೆನಪಾದವು, ಅಡಿಕೆ ತೋಟಕ್ಕೆ ಸೊಪ್ಪು ತರೋಕೆ ಅಂತ ಬಿಟ್ಟ ಕಾಡು. ಬ್ರಿಟಿಷರ ಕಾಲದಿಂದ ಬಂದ ಹಕ್ಕು ನಮ್ಮದು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ತನಕ ಬೆಟ್ಟ. ನಮ್ಮ ಬೆಟ್ಟ, ನಮ್ಮ ಬೇಲಿ, ನಮ್ಮ ಕತ್ತಿ. ಒಬ್ಬೊಬ್ಬರು ಚೆನ್ನಾಗಿ ಇಟ್ಟುಕೊಂಡಿದ್ದಾರೆ, ಎಷ್ಟೋ ಬೆಟ್ಟಗಳು ಬೋಳಾಗಿವೆ. ಪಕ್ಕದವನ ಬೆಟ್ಟದ ವಿಷಯ ನಾವು ಮಾತಾಡುವ ಹಾಗಿಲ್ಲ, ಮಾತಾಡಿದರೆ ಜಗಳ. ಇಲ್ಲಿ ಪಕ್ಕದ ಮನೆಯವಳು ನಿಮ್ಮ ಹೊರೆಯೊಳಗೇ ಕೈ ಹಾಕುತ್ತಾಳೆ. ಯಾಕೆಂದರೆ ನಾಳೆ ಅವಳ ಹೊರೆಯೊಳಗೆ ನೀವು ಹಾಕುತ್ತೀರಿ. ಇದು ನನಗೆ ಇಷ್ಟವಾಯಿತು. ನಾನು ಅಲ್ಲೇ ಇರಬೇಕಾಗಿ ಬಂದಿದ್ದರೆ ಇಷ್ಟವಾಗುತ್ತಿತ್ತಾ, ಗೊತ್ತಿಲ್ಲ.

ಹೀಗೆ ಊರೇ ಕಾಡು ನೋಡಿಕೊಳ್ಳುವುದು ಈ ಸೀಮೆಗೆ ಹೊಸದಲ್ಲ. ಕಾಡಿನ ಹಕ್ಕು ಕಿತ್ತುಕೊಂಡ ಸಿಟ್ಟಿಗೆ 1921ರಲ್ಲಿ ಪಕ್ಕದ ಕುಮಾವೂಂ ಜನ ಸರ್ಕಾರಿ ಕಾಡಿಗೆ ಬೆಂಕಿ ಹಾಕಿದ್ದರು. 1931ರಲ್ಲಿ ಬ್ರಿಟಿಷರು ಊರಿನವರೇ ಕಾಡು ನೋಡಿಕೊಳ್ಳುವ ವನ ಪಂಚಾಯತಿಗೆ ಒಪ್ಪಿಕೊಂಡರು. ಇವತ್ತಿಗೂ ರಾಜ್ಯದಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ವನ ಪಂಚಾಯತಿಗಳಿವೆ. ಎಲ್ಲವೂ ಜೀವಂತ ಇವೆ ಅಂತ ನಾನು ಹೇಳುವುದಿಲ್ಲ. ಕಾಗದದಲ್ಲಿ ಇರುವುದು ಬೇರೆ, ಬಾಗಿಲಲ್ಲಿ ಇರುವುದು ಬೇರೆ.

"ಗಂಡಸರ ಪಾಳಿ ಯಾವಾಗ?" ಅಂತ ಕೇಳಿದೆ. ದೀದಿ ಕೆಳಗೆ ರಸ್ತೆ ಬದಿಯ ಅಂಗಡಿಯನ್ನು ತೋರಿಸಿದರು. ಮೇಲಿಂದ ಇಸ್ಪೀಟಿನ ಗುಂಪು ಚುಕ್ಕಿಚುಕ್ಕಿಯಾಗಿ ಕಾಣುತ್ತಿತ್ತು. "ಅದೂ ಕಾವಲೇ. ಅಂಗಡಿ ಓಡಿ ಹೋಗಬಾರದಲ್ಲ." ಉಳಿದವರು ದಿಲ್ಲಿಯಲ್ಲಿ, ಸೈನ್ಯದಲ್ಲಿ, ಹೋಟೆಲುಗಳಲ್ಲಿ. 2001 ಮತ್ತು 2011ರ ಜನಗಣತಿಯ ನಡುವೆ ದೇಶದ ಒಟ್ಟು ಜನಸಂಖ್ಯೆ ಬೆಳೆದರೂ ಪೌಡಿ ಮತ್ತು ಅಲ್ಮೋಡಾ ಜಿಲ್ಲೆಗಳ ಜನಸಂಖ್ಯೆ ಇಳಿದಿತ್ತು. ಕೋಲಿನ ಲೆಕ್ಕದಲ್ಲೂ ಅದು ಗೊತ್ತಾಗುತ್ತದೆ. ದೀದಿ ಮದುವೆಯಾಗಿ ಬಂದಾಗ ಕೋಲು ತಿಂಗಳಿಗೊಂದು ಸಲ ಬರುತ್ತಿತ್ತಂತೆ. ಈಗ ಹದಿನೈದು ದಿನ ತುಂಬುವ ಮೊದಲೇ ಬಂದು ನಿಂತಿರುತ್ತದೆ. ಬೀಗ ಹಾಕಿದ ಮನೆಗಳನ್ನು ಬಿಟ್ಟು ಮುಂದೆ ಹೋಗುತ್ತದಲ್ಲ. ಜೊತೆಗೆ ಕಾಡು ಬಂದ ಮೇಲೆ ಹಂದಿಯೂ ಬಂದಿದೆ, ಮಂಗವೂ ಇದೆ. "ಕಾಡು ಬೆಳೆಸಿದವರು ಹೊಲ ಬಿಡಬೇಕಾಯ್ತು" ಅಂದರು ದೀದಿ. ಅಳು ದನಿಯಲ್ಲಿ ಅಲ್ಲ, ಹಾಲು ಒಡೆದು ಹೋಯ್ತು ಅನ್ನುವ ಹಾಗೆ.

ಸಂಜೆ ವಾಪಸ್ ಬಂದಾಗ ದೀದಿಗೆ ಹಸು ಕರೆಯುವ ಹೊತ್ತು ಮೀರಿತ್ತು. "ಕೋಲು ಇಟ್ಟು ಬಾ ಭುಲೀ. ಬೀಗದ ಎರಡು ಮನೆ ಬಿಟ್ಟು, ಮುದುಕಿ ಬೋಡಿಯ ಮನೆ ಬಿಟ್ಟು, ಅದರಾಚೆಯದು" ಅಂದರು. ಬೋಡಿ ಅಂದರೆ ದೊಡ್ಡಮ್ಮ. ಕತ್ತಲಾಗಿತ್ತು. ಒಂದು ಮನೆಗೆ ಬೀಗ. ಇನ್ನೊಂದಕ್ಕೆ ಬೀಗ. ಮತ್ತೊಂದರಲ್ಲಿ ದೀಪ ಇರಲಿಲ್ಲ, ಬಾಗಿಲು ಮುಚ್ಚಿತ್ತು. ಇದೇ ಬೋಡಿಯ ಮನೆ ಅಂದುಕೊಂಡು ಅದನ್ನೂ ದಾಟಿ, ಅದರಾಚೆಯ ಬಾಗಿಲಿಗೆ ಕೋಲು ಒರಗಿಸಿ ಬಂದೆ. ಕತ್ತಲಲ್ಲಿದ್ದದ್ದೂ ಬೀಗದ ಮನೆಯೇ. ಮೊನ್ನೆ ತಾನೇ ಆ ಮನೆಯವರು ಮಗಳ ಹೆರಿಗೆಗೆ ಕೋಟ್‌ದ್ವಾರಕ್ಕೆ ಹೋಗಿದ್ದರಂತೆ. ಲೆಕ್ಕ ತಪ್ಪಿತು. ಕೋಲು ನಿಂತಿದ್ದು ಬೋಡಿಯ ಬಾಗಿಲಲ್ಲೇ.

ಬೋಡಿಗೆ ಎಪ್ಪತ್ತು ದಾಟಿದೆ. ಮಂಡಿ ನೋವು. ನಾಲ್ಕು ವರ್ಷದ ಹಿಂದೆ ಕಾಡಲ್ಲಿ ಬಿದ್ದಿದ್ದರು. ಅವತ್ತಿಂದ ಊರಿನವರು ಕೋಲನ್ನು ಅವರ ಬಾಗಿಲು ದಾಟಿಸಿ ಮುಂದಿನ ಮನೆಗೆ ಇಡುತ್ತಿದ್ದರು. ಬೆಳಿಗ್ಗೆ ಅವರ ಮನೆಯಲ್ಲಿ ಕೋಲೂ ಇಲ್ಲ, ಬೋಡಿಯೂ ಇಲ್ಲ.

ನಾನು ಎದ್ದು ಬಂದು ತಪ್ಪು ಒಪ್ಪಿಕೊಂಡೆ. ಯಾರೂ ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ನಾಲ್ಕು ಜನ ಹೊರಟರು, ಹಿಂದೆ ನಾನು. ಪಿರೂಲ್ ಮೇಲೆ ಈ ಸಲ ಜಾರಲಿಲ್ಲ, ಭಯಕ್ಕೇ ಇರಬೇಕು. ಅರ್ಧ ಗಂಟೆ ಏರಿದ ಮೇಲೆ ದೀದಿ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. ದೂರದಲ್ಲಿ ಗೆಜ್ಜೆ. ಎರಡು ಹೆಜ್ಜೆ, ಸ್ವಲ್ಪ ಹೊತ್ತು ಸುಮ್ಮನೆ, ಮತ್ತೆ ಎರಡು ಹೆಜ್ಜೆ.

ಬೋಡಿ ಒಂದು ಹೊಂಡದ ಅಂಚಿಗೆ ಕೂತಿದ್ದರು. ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡು ಬಗ್ಗಿ ಹೊಂಡದೊಳಗಿನ ದರಕನ್ನು ಕೈಯಲ್ಲಿ ಬಾಚಿ ಬಾಚಿ ಹೊರಗೆ ಹಾಕುತ್ತಿದ್ದರು. ಮೊಣಕೈ ತನಕ ಕೆಸರು. ದೀದಿ ಸಮಾಧಾನದ ದನಿಯಲ್ಲಿ, ಕೋಲು ತಪ್ಪಿ ಬಂದಿದೆ ಬೋಡಿ, ಈ ದೂರದ ಹುಡುಗಿಗೆ ಮನೆ ಗೊತ್ತಾಗಲಿಲ್ಲ, ಕೊಡಿ, ಮನೆಗೆ ಹೋಗೋಣ ಅಂದರು. ಬೋಡಿ ತಲೆ ಎತ್ತಲಿಲ್ಲ. ಇನ್ನೊಂದು ಬೊಗಸೆ ದರಕು ಹೊರಗೆ ಬಂತು.

"ನಾಲ್ಕು ವರ್ಷ ಆಯ್ತು, ನನ್ನ ಬಾಗಿಲು ಬಿಟ್ಟು ಹೋಗ್ತಾ ಇದ್ದೀರಿ" ಅಂದರು. "ನನ್ನ ಮನೆಗೂ ಬೀಗ ಬಿದ್ದಿದೆ ಅಂದುಕೊಂಡ್ರಾ?"

ದೀದಿ ಇದನ್ನು ನನಗೆ ಹಿಂದಿಯಲ್ಲಿ ಹೇಳಿದ್ದು ಆಮೇಲೆ. ಆಗ ನಾನು ಕಂಡದ್ದು ಇಷ್ಟೇ: ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಬ್ಬಳು ಹೊಂಡಕ್ಕೆ ಇಳಿದು ದರಕು ತೆಗೆಯತೊಡಗಿದಳು. ಇನ್ನೊಬ್ಬಳು ಬೋಡಿಯ ಮಂಡಿ ಒತ್ತುತ್ತಾ ಕೂತಳು. ನಿಜವಾಗಿ ಪಾಳಿ ಇದ್ದವಳು ಮಾತ್ರ ಮೆಲ್ಲಗೆ ತಕರಾರು ತೆಗೆದಳು. ಹಾಗಾದರೆ ನನ್ನ ಪಾಳಿ ಇವತ್ತಾ ನಾಳೆಯಾ, ನಾಳೆ ನನಗೆ ಆಸ್ಪತ್ರೆಗೆ ಹೋಗಬೇಕು ಅಂತ. ಬೋಡಿ ಅದಕ್ಕೂ ಒಪ್ಪಲಿಲ್ಲ. ಪಾಳಿ ಅಂದರೆ ಪಾಳಿ. ಆಸ್ಪತ್ರೆಗೆ ನಾಡಿದ್ದು ಹೋಗು.

ಮಧ್ಯಾಹ್ನದ ತನಕ ನಾವೆಲ್ಲ ಅಲ್ಲೇ ಇದ್ದೆವು. ಏಳು ಹೊಂಡ ಬಾಚಿ ಮುಗಿಯಿತು. ಇಳಿಯುವಾಗ ಬೋಡಿ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ನನ್ನ ಭುಜ ಹಿಡಿದಿದ್ದರು. ಜಾಸ್ತಿ ಭಾರ ಹಾಕಿದ್ದು ಭುಜದ ಮೇಲೆ.

ಸಂಜೆ ಕೋಲು ಇಟ್ಟು ಬರಲು ಬೋಡಿ ತಾವೇ ಹೊರಟರು. ನಾನು ಬರ್ತೀನಿ ಅಂದೆ. ಬೇಡ ಅಂತ ಕೈ ಆಡಿಸಿದರು.